ಅಕ್ಕನ ಮನೆಯ ಸೈಕಸ್ ಎರಡು ವರ್ಷ ಯಾಕೆ ಬೋಳಾಗಿತ್ತು?

ಗಿಡ: ಸೈಕಸ್ ರೆವಲ್ಯೂಟಾ, ನರ್ಸರಿಯವರ ಬಾಯಲ್ಲಿ ಸಾಗೋ ಪಾಮ್. ಜಾಗ: ಮೈಸೂರಿನ ಕುವೆಂಪುನಗರದಲ್ಲಿ ನನ್ನ ಅಕ್ಕನ ಮನೆ, ಮುಂದಿನ ಮೆಟ್ಟಿಲ ಪಕ್ಕದ ಸಿಮೆಂಟ್ ಕುಂಡ. ದೂರು: ಹೊಸ ಗರಿ ಬರುತ್ತದೆ, ಹದಿನೈದು ದಿನದಲ್ಲಿ ಬರೀ ಕಡ್ಡಿ ಉಳಿಯುತ್ತದೆ. ಎರಡು ವರ್ಷದಿಂದ ಹೀಗೇ.

ಇದನ್ನು ಪೂರ್ತಿಯಾಗಿ ಬರೆದಿಡುತ್ತಿರುವುದು ಯಾಕೆಂದರೆ, ಈ ಗಿಡಕ್ಕೆ ತಪ್ಪು ಮದ್ದು ಹೇಳಿದವರಲ್ಲಿ ನಾನೂ ಒಬ್ಬಳು. ಅದೂ ಫೋನಿನಲ್ಲಿ, ಗಿಡ ನೋಡದೆ.

ಗಿಡ 2011ರ ಗೃಹಪ್ರವೇಶಕ್ಕೆ ಬಂದ ಉಡುಗೊರೆ. ಆಗ ಅನಾನಸ್ ಹಣ್ಣಿನಷ್ಟು ಬೊಡ್ಡೆ, ಮೇಲೆ ಆರೇಳು ಗರಿ. ಸೈಕಸ್‌ಗೆ ಅವಸರ ಅನ್ನೋದೇ ಇಲ್ಲ. ಹನ್ನೆರಡು ವರ್ಷ ಕಳೆದರೂ ಬೊಡ್ಡೆ ಒಂದಡಿ ದಾಟಿರಲಿಲ್ಲ. ಹೆಸರಲ್ಲಿ ಪಾಮ್ ಇದ್ದರೂ ಇದು ತೆಂಗು, ಅಡಿಕೆಯ ನೆಂಟನಲ್ಲ. ಅವು ಹೂ ಬಿಡುತ್ತವೆ, ಇದು ಬಿಡುವುದಿಲ್ಲ. ಗಂಡು ಗಿಡವಾದರೆ ಸುಳಿಯ ನಡುವೆ ದೊಡ್ಡ ತೆನೆಯಂಥದ್ದು ಏಳುತ್ತದೆ. ಹೆಣ್ಣಾದರೆ ಕಂದು ಉಣ್ಣೆ ಹೊದ್ದ ಎಲೆಗಳ ಗುಡ್ಡೆ, ಅದರೊಳಗೆ ಕಿತ್ತಳೆ ಬಣ್ಣದ ಬೀಜ. ಅಕ್ಕನ ಗಿಡ ತಾನು ಯಾವುದು ಅಂತ ಇನ್ನೂ ಹೇಳಿಲ್ಲ. ಇದರ ತವರು ಜಪಾನಿನ ದಕ್ಷಿಣ ತುದಿ: ಕ್ಯುಶು, ರ್ಯುಕ್ಯು ದ್ವೀಪಗಳು.

ಇನ್ನೊಂದು ವ್ಯತ್ಯಾಸವೇ ಈ ಪ್ರಕರಣದ ಬೀಗದಕೈ. ತೆಂಗು ಒಂದಾದ ಮೇಲೊಂದು ಗರಿ ಬಿಡುತ್ತಾ ಹೋಗುತ್ತದೆ. ಒಂದು ಹಾಳಾದರೆ ಮುಂದಿನದು ಬಂತು. ಸೈಕಸ್ ಹಾಗಲ್ಲ. ವರ್ಷವಿಡೀ ಸುಮ್ನೆ ಕೂತಿರುತ್ತದೆ. ಅಕ್ಕನ ಮನೆಯಲ್ಲಿ ಯುಗಾದಿ ಕಳೆದು ಒಂದೆರಡು ಮಳೆ ಬಿದ್ದ ಮೇಲೆ ಸುಳಿ ಉಬ್ಬಿ, ಹತ್ತು-ಹದಿನೈದು ಗರಿ ಒಟ್ಟಿಗೇ ಎದ್ದುಬಿಡುತ್ತವೆ. ಬೊಡ್ಡೆಯಲ್ಲಿ ವರ್ಷವಿಡೀ ಕೂಡಿಟ್ಟ ಪಿಷ್ಟವನ್ನು ಗಿಡ ಆ ಒಂದು ಸಲಕ್ಕೆ ಖರ್ಚು ಮಾಡುತ್ತದೆ. ಮೆತ್ತಗಿರುವ ಆ ಚಿಗುರು ಗಟ್ಟಿಯಾಗಲು ಮೂರು ವಾರದ ಮೇಲೆ ಬೇಕು. ಆ ಮೂರು ವಾರ ಕೆಟ್ಟರೆ ಇಡೀ ವರ್ಷ ಕೆಟ್ಟ ಹಾಗೆ.

2022ರ ಮೇ ತಿಂಗಳಲ್ಲಿ ಕೆಟ್ಟಿತು. ಎದ್ದ ಗರಿಗಳಲ್ಲಿ ಎಸಳುಗಳೇ ಇಲ್ಲ, ದಂಟು ಮಾತ್ರ. ಅಕ್ಕನ ಮಾತಲ್ಲಿ ಹೇಳುವುದಾದರೆ "ಕಡ್ಡಿಪೊರಕೆ ತಲೆಕೆಳಗಾಗಿ ನಿಲ್ಲಿಸಿದ ಹಾಗೆ". ಹಳೆ ಗರಿಗಳು ಮಾತ್ರ ಹಸಿರಾಗಿಯೇ ಇದ್ದವು.

ಆಮೇಲೆ ಶುರುವಾಯಿತು ಉಪಚಾರ. ನಿವೃತ್ತರಾಗಿ ಮನೆಯಲ್ಲೇ ಇದ್ದ ಭಾವ, ಗಿಡಕ್ಕೆ ನೀರು ಸಾಲದು ಅಂದುಕೊಂಡು ದಿನಾ ಬೆಳಿಗ್ಗೆ ಪೈಪ್ ಹಿಡಿದರು. ಯಾರೋ ಸಗಣಿ ಗೊಬ್ಬರ ಹಾಕಿ ಅಂದರು. ಅದನ್ನು ಬುಡಕ್ಕೆ ಹಾಕಿದ್ದು ಸಾಲದೆ ಸುಳಿಯ ಮೇಲೂ ಎರಡು ಬೊಗಸೆ ಮೆತ್ತಿದರು. 2023ರ ಏಪ್ರಿಲ್‌ನಲ್ಲಿ ನರ್ಸರಿಯವನೊಬ್ಬ ಬಂದು, "ಹಳೇದೆಲ್ಲ ಕತ್ತರಿಸಿಬಿಡಿ ಅಮ್ಮ, ಹೊಸದು ಚೆನ್ನಾಗಿ ಬರುತ್ತೆ" ಅಂತ ಹಸಿರು ಗರಿಗಳನ್ನೆಲ್ಲ ಸವರಿ ಹೋದ. ಮೇ ತಿಂಗಳಲ್ಲಿ ಹೊಸದು ಬಂತು, ಮತ್ತೆ ಕಡ್ಡಿಯಾಯಿತು. ಈಗ ಗಿಡದಲ್ಲಿ ಹಳೆಯದೂ ಇಲ್ಲ, ಹೊಸದೂ ಇಲ್ಲ. ಆಗಸ್ಟ್‌ನಲ್ಲಿ ಉಸಿರು ಹಿಡಿದು ಇನ್ನೂ ನಾಲ್ಕು ಗರಿ ಬಿಟ್ಟಿತು. ಅವೂ ಹೋದವು.

ಆಗ ಅಕ್ಕ ನನಗೆ ಫೋನ್ ಮಾಡಿದ್ದು. "ಹೊಸ ಗರಿ ಸುಟ್ಟ ಹಾಗೆ ಆಗಿ ಒಣಗ್ತಿದೆ ಕಣೇ" ಅಂದಳು. ಹೊಸ ಗರಿ, ಸುಟ್ಟ ಹಾಗೆ, ಈ ಎರಡು ಮಾತು ಕೇಳಿದ ಕೂಡಲೇ ನಾನು ಮ್ಯಾಂಗನೀಸ್ ಕೊರತೆ ಅಂದುಬಿಟ್ಟೆ. ಸೈಕಸ್‌ನಲ್ಲಿ ಅದು ಇರುವ ಕಾಯಿಲೆಯೇ. ಮ್ಯಾಂಗನೀಸ್ ಸಾಲದಿದ್ದರೆ ಹೊಸ ಗರಿ ಹಳದಿಯಾಗಿ, ಮುದುರಿ, ತುದಿ ಸುಟ್ಟುಕೊಂಡು ಏಳುತ್ತದೆ. ಮೆಗ್ನೀಸಿಯಂ ಸಾಲದಿದ್ದರೆ ಹಳೆ ಗರಿ ಹಳದಿಯಾಗುತ್ತದೆ. ಹೆಸರು ಒಂದೇ ಥರ ಕೇಳುವುದರಿಂದ ಜನ ಇದಕ್ಕೆ ಅದನ್ನು ಹಾಕುತ್ತಾರೆ. ನಾನು ಅಷ್ಟು ದಡ್ಡಿಯಲ್ಲ ಅನ್ನೋ ಹೆಮ್ಮೆಯಲ್ಲಿ, ಮ್ಯಾಂಗನೀಸ್ ಸಲ್ಫೇಟ್ ಅಂತ ಅಕ್ಷರ ಬಿಡಿಸಿ ಬರೆಸಿದೆ. ಭಾವ ತಂದು ಹಾಕಿದರು. ಒಂದು ಪ್ರಶ್ನೆ ಕೇಳಬೇಕಿತ್ತು, ಕೇಳಲಿಲ್ಲ: ಎಸಳು ಒಣಗಿ ಗಿಡದಲ್ಲೇ ಇದೆಯೋ, ಇಲ್ಲವೇ ಇಲ್ಲವೋ? ಕೊರತೆಯಾದರೆ ಎಸಳು ಒಣಗುತ್ತದೆ, ಮಾಯವಾಗುವುದಿಲ್ಲ.

ಜನವರಿಯಲ್ಲಿ ನೋಡಿದ್ದು

2024ರ ಸಂಕ್ರಾಂತಿಗೆ ಹೋದಾಗ ಗಿಡ ನೋಡಿದೆ. ಬೋಳು ಬೊಡ್ಡೆ, ಮೇಲೆ ಒಣಗಿದ ದಂಟುಗಳು. ಬೊಡ್ಡೆಯನ್ನು ಹೆಬ್ಬೆರಳಿಂದ ಸುತ್ತಲೂ ಒತ್ತುತ್ತಾ ಬಂದೆ. ಸೈಕಸ್ ಬದುಕಿದೆಯೋ ಇಲ್ಲವೋ ತಿಳಿಯಲು ಇದಕ್ಕಿಂತ ಒಳ್ಳೆ ಪರೀಕ್ಷೆ ಇಲ್ಲ. ಗಟ್ಟಿಯಿದ್ದರೆ ಎಷ್ಟು ಬೋಳಾಗಿದ್ದರೂ ಆಸೆ ಇದೆ. ಮೆತ್ತಗಾಗಿ ಒಳಗೆ ಹೋದರೆ ಕೊಳೆತಿದೆ. ಇದು ಗಟ್ಟಿಯಿತ್ತು, ಬುಡದ ಒಂದು ಕಡೆ ಎರಡು ಬೆರಳಗಲ ಬಿಟ್ಟು. ಅಲ್ಲಿ ಒತ್ತಿದರೆ ಕಂದು ನೀರು ಬಂತು. ಕುಂಡದ ಮಣ್ಣು ಹಿಡಿ ತೆಗೆದು ಮೂಸಿದೆ. ಚರಂಡಿ ವಾಸನೆ.

ಅಂದರೆ ಬೇರು ಕೊಳೆಯುತ್ತಿದೆ. ಅದು ದಿನಾ ಹಾಕಿದ ನೀರಿನ ಕೆಲಸ. ಆದರೆ ದೂರು ಶುರುವಾದದ್ದು ನೀರಿಗಿಂತ ಮೊದಲು, ಅಲ್ವಾ? 2022ರ ಮೇ ತಿಂಗಳಲ್ಲಿ ಗಿಡಕ್ಕೆ ಇನ್ನೂ ಯಾರೂ ಉಪಚಾರ ಮಾಡಿರಲಿಲ್ಲ. ಹಾಗಾಗಿ ಬೇರು ಕೊಳೆತದ್ದು ಎರಡನೇ ಕಾಯಿಲೆ. ಮೊದಲನೆಯದು ಬೇರೆ ಏನೋ.

ಅದು ಸಿಕ್ಕಿದ್ದು ಗಿಡದಲ್ಲಲ್ಲ, ಅಕ್ಕನ ಮಗಳ ಫೋನಿನಲ್ಲಿ. ಹಿಂದಿನ ಮೇ ತಿಂಗಳಲ್ಲಿ ಅವಳು ಹೊಸ ಚಿಗುರು ಚೆನ್ನಾಗಿ ಕಾಣುತ್ತಿದೆ ಅಂತ ಒಂದು ಫೋಟೋ ತೆಗೆದಿದ್ದಳು. ಅದನ್ನು ಎರಡು ಬೆರಳಲ್ಲಿ ದೊಡ್ಡದು ಮಾಡಿ ನೋಡಿದೆ. ದಂಟಿನ ಮೇಲೆ ಇರುವೆ ಸಾಲು. ಚಿಗುರಿನ ಎಸಳಿನ ಬಳಿ ನಾಲ್ಕೈದು ಇರುವೆ ಗುಂಪಾಗಿ ನಿಂತಿವೆ.

ಎಲೆಯ ಮೇಲೆ ಇರುವೆಗೇನು ಕೆಲಸ? ಸಿಹಿ ಕೊಡುವವರು ಯಾರೋ ಅಲ್ಲಿದ್ದಾರೆ. ಹಿಟ್ಟು ತಿಗಣೆ ಇರಬಹುದು, ಆದರೆ ಅದು ಎಸಳನ್ನು ಕಚ್ಚಿ ತಿನ್ನುವುದಿಲ್ಲ. ಸೈಕಸ್‌ನ ಬಿಳಿ ಶಲ್ಕ ಕೀಟ ಅಂತ ಇನ್ನೊಂದಿದೆ, ಗಿಡದ ಮೇಲೆ ತೆಂಗಿನ ತುರಿ ಉದುರಿಸಿದ ಹಾಗೆ ಕಾಣುತ್ತದೆ. ಥಾಯ್ಲೆಂಡಿನ ಕಡೆಯದು, 1996ರಲ್ಲಿ ಅಮೆರಿಕದ ಫ್ಲಾರಿಡಾಕ್ಕೆ, ಮುಂದೆ ಗುವಾಮ್ ದ್ವೀಪಕ್ಕೆ ಹೋಗಿ ಅಲ್ಲಿನ ಕಾಡು ಸೈಕಸ್‌ಗಳನ್ನೇ ಸಾಯಿಸಿದ ಭಯಂಕರ ಕೀಟ. ಆದರೆ ಅದು ಸಿಹಿ ಸುರಿಸುವುದಿಲ್ಲ, ಇರುವೆ ಅದರ ಹತ್ತಿರ ಸುಳಿಯುವ ಕಾರಣವಿಲ್ಲ. ಸಿಹಿಯನ್ನೂ ಕೊಡುವ, ಎಸಳನ್ನೂ ತಿನ್ನುವ ಪ್ರಾಣಿ ಒಂದೇ: ನೀಲಿ ಚಿಟ್ಟೆಗಳ ಜಾತಿಯ ಹುಳು.

ಪ್ಲೇನ್ಸ್ ಕ್ಯೂಪಿಡ್ ಅಂತ ಅದರ ಹೆಸರು. ಹೆಬ್ಬೆರಳ ಉಗುರಿಗಿಂತ ಸ್ವಲ್ಪ ದೊಡ್ಡ ಚಿಟ್ಟೆ. ರೆಕ್ಕೆ ಬಿಚ್ಚಿದರೆ ಗಂಡು ನೀಲಿ, ಮುಚ್ಚಿದರೆ ಬೂದು. ಹಿಂದಿನ ರೆಕ್ಕೆಗೆ ಕೂದಲೆಳೆಯಂಥ ಬಾಲ, ಬಾಲದ ಬುಡದಲ್ಲಿ ಕಿತ್ತಳೆ ಅಂಚಿನ ಕಪ್ಪು ಬೊಟ್ಟು. ನಮ್ಮ ತೋಟಗಳಲ್ಲಿ ಬೇಕಾದಷ್ಟಿದೆ, ನಾವು ನೋಡಿಯೂ ನೋಡಿರುವುದಿಲ್ಲ. ಸೈಕಸ್ ಸುಳಿ ಬಿಟ್ಟದ್ದು ಇದಕ್ಕೆ ಹೇಗೋ ಗೊತ್ತಾಗುತ್ತದೆ. ಮೆತ್ತನೆ ಚಿಗುರಿನ ಮೇಲೆ ಮೊಟ್ಟೆ ಇಟ್ಟು ಹೋಗುತ್ತದೆ. ಹುಳು ಗಟ್ಟಿ ಎಲೆ ತಿನ್ನಲಾರದು, ಚಿಗುರು ಮಾತ್ರ. ಗೊಂಡೆಹುಳದಂಥ ಚಪ್ಪಟೆ ಮೈ, ಹಸಿರೋ ಕೆಂಗಂದೋ ಬಣ್ಣ, ಎಸಳ ಸಂದಿಯಲ್ಲಿ ಸೇರಿಕೊಂಡರೆ ಕಾಣುವುದೇ ಇಲ್ಲ. ಬೆನ್ನಿನ ಮೇಲೊಂದು ಗ್ರಂಥಿಯಿಂದ ಇರುವೆಗೆ ಸಿಹಿ ಕೊಡುತ್ತದೆ, ಇರುವೆ ಅದಕ್ಕೆ ಕಾವಲು ಕಾಯುತ್ತದೆ. ಕಳ್ಳನಿಗೆ ಪೊಲೀಸರ ಕಾವಲು.

ಭಾವ ಇದನ್ನು ಒಪ್ಪಲಿಲ್ಲ. "ನೋಡಮ್ಮ, ಇಷ್ಟು ದಪ್ಪ ಗಿಡವನ್ನು ಅಷ್ಟು ಚಿಕ್ಕ ಚಿಟ್ಟೆ ತಿನ್ನುತ್ತಾ?" ಅಂದರು. ತಿನ್ನುವುದು ಗಿಡವನ್ನಲ್ಲ ಭಾವ, ಆ ಮೂರು ವಾರವನ್ನು ಅಂದೆ. ಅವರು ನಕ್ಕು ಎದ್ದುಹೋದರು. ಆಮೇಲೆ ಇರುವೆ ಸೀಮೆಸುಣ್ಣ ತಂದು ಕುಂಡದ ಸುತ್ತ ಗೆರೆ ಎಳೆದರು.

ಬೇರಿನ ಕೆಲಸ

ಸುಳಿ ಬಿಡಲು ಇನ್ನೂ ಮೂರು ತಿಂಗಳಿತ್ತು. ಅಷ್ಟರಲ್ಲಿ ಬೇರು ಸರಿ ಮಾಡಬೇಕು. ಕುಂಡ ಮಲಗಿಸಿ ಗಿಡ ಎಳೆದೆವು. ನೀರು ಹೋಗುವ ತೂತಿಗೆ ಹಳೆ ಬೇರೂ ಜೇಡಿಯೂ ಸೇರಿ ಬಿರಡೆ ಆಗಿತ್ತು. ಕೊಳೆತ ಬೇರು ಕೈಯಲ್ಲಿ ಹಿಡಿದು ಎಳೆದರೆ ಸಿಪ್ಪೆ ಕಳಚಿ ದಾರ ಉಳಿಯುತ್ತಿತ್ತು. ಅಂಥದ್ದೆಲ್ಲ ಕತ್ತರಿಸಿದೆ. ಬೊಡ್ಡೆಯ ಮೆತ್ತಗಿನ ಜಾಗವನ್ನು ಚಾಕುವಿನಲ್ಲಿ ಕೆತ್ತುತ್ತಾ ಹೋದೆ. ಕಂದು ಮುಗಿದು ಬಿಳಿ ಬರುವತನಕ. ಬೂದುಗುಂಬಳದ ತಿರುಳಿನಂಥ ಬಿಳಿ ಸಿಕ್ಕ ಮೇಲೆ ನಿಲ್ಲಿಸಿ ಕಾಪರ್ ಆಕ್ಸಿಕ್ಲೋರೈಡ್ ಪುಡಿಯನ್ನು ನೀರಲ್ಲಿ ಕಲಸಿ ಹಚ್ಚಿದೆ.

ಇಲ್ಲೊಂದು ವಿಚಾರ ತಿಳಿಯಿತು. ಬುಡದ ಸುತ್ತ ಮಣ್ಣಿನಿಂದ ಮೇಲಕ್ಕೆ ಎದ್ದು ಬಂದ ಕೆಲವು ಗಂಟುಗಳಿದ್ದವು, ಎಳೆ ಶುಂಠಿ ಥರ ಕವಲು ಕವಲು. ಭಾವ ಅವನ್ನು ಫಂಗಸ್ ಅಂದುಕೊಂಡು ಪ್ರತಿ ಭಾನುವಾರ ಕತ್ತರಿಯಲ್ಲಿ ಸವರುತ್ತಿದ್ದರಂತೆ. ಒಂದನ್ನು ಬ್ಲೇಡಿನಲ್ಲಿ ಅಡ್ಡ ಕೊಯ್ದು ಅವರ ಕೈಗೆ ಕೊಟ್ಟೆ. ಬಿಳಿ ತಿರುಳಿನ ನಡುವೆ ಸಣ್ಣ ಬಳೆಯಂತೆ ಒಂದು ಹಸಿರು ವೃತ್ತ. ಮಣ್ಣಿನ ಬೇರಿನಲ್ಲಿ ಹಸಿರು! ಅದು ನೀಲಿ-ಹಸಿರು ಪಾಚಿ. ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಕೊಡುತ್ತದೆ. ಇವಕ್ಕೆ ಹವಳದ ಬೇರು ಅನ್ನುತ್ತಾರೆ. ಭಾವ ಪ್ರತಿವಾರ ಕತ್ತರಿಸಿದ್ದು ಗಿಡದ ಸ್ವಂತ ಗೊಬ್ಬರದ ಅಂಗಡಿಯನ್ನು. ಅವರು ಆ ಚೂರನ್ನು ತುಂಬಾ ಹೊತ್ತು ಬಿಸಿಲಿಗೆ ಹಿಡಿದು ನೋಡುತ್ತಾ ಕೂತರು. ಚಿಟ್ಟೆಯ ವಿಚಾರದಲ್ಲಿ ನನ್ನ ಮಾತು ಸ್ವಲ್ಪ ನಡೆಯಲು ಶುರುವಾದದ್ದು ಅಲ್ಲಿಂದಲೇ.

ಹೀಗೆ ಕೆಲಸ ಮಾಡುತ್ತಿರುವಾಗ ಎದೆ ಧಸಕ್ಕೆಂದ ಒಂದು ಗಳಿಗೆಯೂ ಇತ್ತು. ಅವರ ಮನೆಗೆ ಆಗಷ್ಟೇ ಒಂದು ಬೀದಿ ನಾಯಿಮರಿ ಬಂದಿತ್ತು. ಕತ್ತರಿಸಿ ಹಾಕಿದ ಬೊಡ್ಡೆ ಚೂರೊಂದನ್ನು ಅದು ಕಚ್ಚಿಕೊಂಡು ಮೆಟ್ಟಿಲ ಕೆಳಗೆ ಹೋಗುತ್ತಿತ್ತು. ಓಡಿ ಬಾಯಿಂದ ಕಿತ್ತೆ. ಸೈಕಸ್‌ನಲ್ಲಿ ಸೈಕಸಿನ್ ಅನ್ನುವ ವಿಷ ಇದೆ, ನಾಯಿಯ ಲಿವರ್ ಕೆಡಿಸುತ್ತದೆ. ಬೀಜದಲ್ಲಂತೂ ಜಾಸ್ತಿ. ಒಂದೆರಡು ಬೀಜ ತಿಂದು ಸತ್ತ ನಾಯಿಗಳಿವೆ. ತಿಂದದ್ದು ಗೊತ್ತಾದರೆ ವಾಂತಿ ಬರಲಿ ಅಂತ ಕಾಯಬಾರದು, ಆಗಲೇ ಡಾಕ್ಟರ ಹತ್ತಿರ ಓಡಬೇಕು. ಕೇರಳದ ಮಲಬಾರಿನಲ್ಲಿ ಅಲ್ಲಿನ ಕಾಡು ಸೈಕಸ್‌ನ ಬೀಜದ ಹಿಟ್ಟು ಉಣ್ಣುತ್ತಾರೆ, ನಿಜ. ಆದರೆ ಒಣಗಿಸಿ, ನೆನೆಸಿ, ನೀರು ಬದಲಿಸಿ ಬದಲಿಸಿ ವಿಷ ತೆಗೆಯುವ ವಿದ್ಯೆ ಅವರಿಗೆ ತಲೆಮಾರಿನಿಂದ ಗೊತ್ತು. ನಮಗೆ ಗೊತ್ತಿಲ್ಲ. ಚೂರುಗಳನ್ನೆಲ್ಲ ಚೀಲಕ್ಕೆ ತುಂಬಿ ಕಟ್ಟಿದೆ, ಕುಂಡವನ್ನು ಕಾಂಪೌಂಡಿನ ಒಳಗೋಡೆಯ ಕಟ್ಟೆ ಮೇಲೆ ಇಡಿಸಿದೆ.

ಗಿಡವನ್ನು ನಾಲ್ಕು ದಿನ ನೆರಳಲ್ಲಿ ಬರಿಬೇರಲ್ಲಿ ಒಣಗಲು ಬಿಟ್ಟೆ. ಅಕ್ಕನಿಗೆ ಹೊಟ್ಟೆ ಉರಿಯಿತು, "ಪಾಪ, ನೀರಿಲ್ಲದೆ" ಅಂತ. ಆಮೇಲೆ ಕೆಂಪು ಮಣ್ಣು ಒಂದು ಪಾಲು, ದಪ್ಪ ಮರಳೂ ಸಣ್ಣ ಜಲ್ಲಿಯೂ ಸೇರಿ ಎರಡು ಪಾಲು, ಸ್ವಲ್ಪ ಇದ್ದಿಲು, ಚೆನ್ನಾಗಿ ಕಳಿತ ಎಲೆಗೊಬ್ಬರ ಎರಡು ಬೊಗಸೆ. ಬೊಡ್ಡೆಯ ಮುಕ್ಕಾಲು ಭಾಗ ಮಣ್ಣಿನ ಮೇಲೇ ಇರುವ ಹಾಗೆ ನೆಟ್ಟೆ. ಸುಳಿಯ ಸಗಣಿ ತೊಳೆದು ತೆಗೆದೆ. ಒಂದು ವಾರದ ಮೇಲೆ ಮೊದಲ ನೀರು. ಆಮೇಲೆ, ಬೆರಳು ಎರಡು ಗೆಣ್ಣು ಒಳಗೆ ಹಾಕಿ ಒಣಗಿದೆ ಅನಿಸಿದರೆ ಮಾತ್ರ. ಪೈಪನ್ನು ಅಕ್ಕ ಎತ್ತಿ ಅಟ್ಟಕ್ಕೆ ಹಾಕಿದಳು.

ಪರದೆ

ಏಪ್ರಿಲ್ ಕೊನೆಯಲ್ಲಿ ಸುಳಿ ಉಬ್ಬಿತು. ಕಂದು ಉಣ್ಣೆ ಬಿರಿದು ನಡುವೆ ತಿಳಿ ಹಸಿರು ಮೊನೆಗಳು. ಸೈಕಸ್‌ನ ಚಿಗುರು ನೋಡದವರು ಒಮ್ಮೆ ಹತ್ತಿರದಿಂದ ನೋಡಬೇಕು. ದಂಟು ನೆಟ್ಟಗೆ ನಿಂತಿರುತ್ತದೆ, ಅದರ ಎರಡೂ ಕಡೆ ಒಂದೊಂದು ಎಸಳೂ ಪುಟ್ಟ ಚಕ್ಕುಲಿಯಂತೆ ಸುರುಳಿ ಸುತ್ತಿರುತ್ತದೆ. ದಿನ ಕಳೆದ ಹಾಗೆ ಸುರುಳಿ ಬಿಚ್ಚುತ್ತಾ ಬರುತ್ತದೆ. ಮುಟ್ಟಿದರೆ ಮೊಲದ ಕಿವಿ ಮುಟ್ಟಿದ ಹಾಗೆ.

ಹಳೆಯದೊಂದು ಸೊಳ್ಳೆ ಪರದೆ, ನಾಲ್ಕು ಬಿದಿರು ಗಳ. ಸುಳಿ ಉಬ್ಬಿದ ದಿನವೇ ಕಟ್ಟಿಸಿದೆ. ಮರುದಿನ ಹನ್ನೊಂದು ಗಂಟೆಗೆ ಅಕ್ಕನ ಮಗಳು ವಿಡಿಯೋ ಕಳಿಸಿದಳು: ಪರದೆಯ ಹೊರಗೆ ಎರಡು ಬೂದು ಚಿಟ್ಟೆ, ಮೇಲೆ ಕೆಳಗೆ ಹಾರುತ್ತಾ, ದಾರಿ ಹುಡುಕುತ್ತಾ. ಹಿಂದೆ ಭಾವನ ದನಿ ಕೇಳುತ್ತಿತ್ತು. "ಬಂದೇ ಬಿಟ್ಟಿತಲ್ಲೇ!"

ಐದನೇ ದಿನ ಎಡವಟ್ಟಾಯಿತು. ಗರಿ ನೆಟ್ಟಗೆ ಏಳುತ್ತದೆ, ಎರಡಡಿ ಎತ್ತರಕ್ಕೆ ಬೇಗ ಬರುತ್ತದೆ. ನಾನು ಅದರ ಲೆಕ್ಕ ಇಟ್ಟಿರಲಿಲ್ಲ. ಮೂರು ಗರಿಯ ತುದಿ ಪರದೆಗೆ ತಾಗಿತು. ತಾಗಿದ ಜಾಗದಲ್ಲಿ ಚಿಟ್ಟೆ ಹೊರಗಿಂದಲೇ, ಪರದೆಯ ಕಣ್ಣಿನ ಮೂಲಕ ಮೊಟ್ಟೆ ಇಟ್ಟಿತ್ತು. ಗಸಗಸೆಗಿಂತ ಚಿಕ್ಕದು, ಚಪ್ಪಟೆ, ಬಿಳಿ ಹಸಿರು. ಲೆಕ್ಕ ಹಾಕಿದಾಗ ಮೂವತ್ತು ದಾಟಿತು. ಮಗಳು ಹಳೆ ಟೂತ್ ಬ್ರಷ್‌ನಲ್ಲಿ ಒಂದೊಂದೇ ಎಸಳು ಉಜ್ಜಿ ತೆಗೆದಳು. ಗಳ ಉದ್ದ ಮಾಡಿ ಪರದೆ ಎತ್ತರಕ್ಕೆ ಕಟ್ಟಿದೆವು. ಉಳಿದ ಮೊಟ್ಟೆ ಒಡೆದರೆ ಇರಲಿ ಅಂತ ಬಿಟಿ ಪುಡಿ ತರಿಸಿದೆ. ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಅನ್ನುವ ಬ್ಯಾಕ್ಟೀರಿಯಾ, ಚಿಟ್ಟೆ ಪತಂಗಗಳ ಹುಳು ತಿಂದರೆ ಅದರ ಹೊಟ್ಟೆ ಕೆಡುತ್ತದೆ. ನಾಯಿಗೂ ಜನಕ್ಕೂ ತೊಂದರೆಯಿಲ್ಲ. ಪೊಟ್ಟಣದ ಮೇಲಿನ ಅಳತೆಯಂತೆ ಕಲಸಿ, ಸಂಜೆ ಹೊತ್ತಲ್ಲಿ ಹೊಡೆಯಬೇಕು. ಬಿಸಿಲಿಗೆ ಅದರ ಶಕ್ತಿ ಬೇಗ ಹೋಗುತ್ತದೆ. ವಾರಕ್ಕೊಂದರಂತೆ ಎರಡು ಸಲ ಹೊಡೆದೆವು. ಬೇರೆ ಕಡು ಕೀಟನಾಶಕ ಬೇಕಿರಲಿಲ್ಲ, ಬೇಕಾಗಿಯೂ ಬರಲಿಲ್ಲ.

ಇಪ್ಪತ್ತಾರನೇ ದಿನ ಎಸಳನ್ನು ಮಡಿಸಿ ನೋಡಿದರೆ ಬಗ್ಗದೆ ಚುಚ್ಚಿತು. ಪರದೆ ತೆಗೆದೆವು. ಹನ್ನೊಂದು ಗರಿ. ಎರಡರ ತುದಿ ಮೊಟುಕು, ಎಲ್ಲವೂ ಹಳೆಯವಕ್ಕಿಂತ ಗಿಡ್ಡ. ಬೊಡ್ಡೆಯಲ್ಲಿ ಕೂಡಿಟ್ಟದ್ದು ಎರಡು ವರ್ಷದಲ್ಲಿ ಖಾಲಿಯಾಗಿತ್ತಲ್ಲ. ಅದಕ್ಕೇ, ಆ ನರ್ಸರಿಯವನ ಸಲಹೆ ನನಗೆ ಇವತ್ತಿಗೂ ಸಿಟ್ಟು ತರಿಸುತ್ತದೆ. ಹಳೆ ಗರಿ ಹಸಿರಿದ್ದಷ್ಟು ದಿನ ದುಡಿಯುತ್ತದೆ. ಪೂರ್ತಿ ಒಣಗಿದ ಮೇಲೆ ಕತ್ತರಿಸಿದರೆ ಸಾಕು.

ಚಿಟ್ಟೆಯ ಮೇಲೆ ಮಾತ್ರ ನನಗೆ ಸಿಟ್ಟಿಲ್ಲ. ಅದು ಈ ಸೀಮೆಯದೇ. ಈ ಜಪಾನಿನ ಗಿಡ ನಮ್ಮ ಮೆಟ್ಟಿಲ ಪಕ್ಕ ಬರುವ ಮೊದಲೂ ಅದಕ್ಕೆ ಇಲ್ಲಿನ ಕಾಡು ಸೈಕಸ್‌ಗಳಿದ್ದವು. ಪಶ್ಚಿಮ ಘಟ್ಟದಲ್ಲಿ ಸೈಕಸ್ ಸರ್ಸಿನಾಲಿಸ್ ಇದೆ, ಈಗ ಅಳಿವಿನ ಅಂಚಿನ ಪಟ್ಟಿಯಲ್ಲಿದೆ. ನಮ್ಮ ಕರ್ನಾಟಕದ ಇನ್ನೊಂದಕ್ಕೆ 2008ರಲ್ಲಿ ಸೈಕಸ್ ಸ್ವಾಮಿಯೈ ಅಂತ ಹೆಸರಿಟ್ಟರು. ನಮ್ಮ ಬಿ.ಜಿ.ಎಲ್. ಸ್ವಾಮಿಯವರ ನೆನಪಿಗೆ. ಮೈಸೂರು ಸೀಮೆಯ ಸೈಕಸ್ ಬಗ್ಗೆ ಅವರು 1948ರಲ್ಲೇ ಅಮೆರಿಕದ ಸಸ್ಯಶಾಸ್ತ್ರ ಪತ್ರಿಕೆಯಲ್ಲಿ ಬರೆದಿದ್ದರು. ಇದನ್ನು ಹೇಳಿದಾಗ ಭಾವ, "ಹಾಗಾದರೆ ಊರಿನ ಚಿಟ್ಟೆ, ಹೊರಗಿನ ಗಿಡ. ತಪ್ಪು ಯಾರದ್ದು?" ಅಂದರು. ಉತ್ತರ ಹೊಳೆಯಲಿಲ್ಲ.

2025ರಲ್ಲಿ ಹದಿನಾಲ್ಕು ಗರಿ ಬಂತು, ಮೊದಲಿನ ಉದ್ದಕ್ಕೆ ಹತ್ತಿರ. ಈ ಸಲ ಪರದೆ ಕಟ್ಟಿದ್ದು ಭಾವ, ನನ್ನನ್ನು ಕೇಳದೆ. ಬಿಟಿ ಬೇಕಾಗಲಿಲ್ಲ. ಬೊಡ್ಡೆಯ ಗಾಯ ಒಣಗಿ ಕರಿ ಕಲೆಯಾಗಿದೆ. ಬುಡದಲ್ಲಿದ್ದ ಎರಡು ಮರಿಗಳನ್ನು ಬೇರು ಸರಿ ಮಾಡುವಾಗಲೇ ಬಿಡಿಸಿ ಮರಳಲ್ಲಿ ಇಟ್ಟಿದ್ದೆ. ಒಂದು ಕೊಳೆಯಿತು. ಇನ್ನೊಂದು ಒಂದು ವರ್ಷ ಆಲೂಗಡ್ಡೆ ಥರ ಬಿದ್ದಿತ್ತು. ಸತ್ತಿದೆ ಅಂತ ಎಸೆಯಲು ಹೋದಾಗ ಅಡಿಯಲ್ಲಿ ಎರಡು ಬೇರು ಕಂಡವು. ಈಗ ತಾರಸಿಯ ಮೇಲೆ ಪುಟ್ಟ ಕುಂಡದಲ್ಲಿದೆ.

ಮೊನ್ನೆ ರಾತ್ರಿ ಹತ್ತು ಗಂಟೆಗೆ ಅಕ್ಕನ ಮೆಸೇಜ್: "ತಾರಸಿ ಮೇಲಿನ ಮರಿ ಸುಳಿ ಬಿಡ್ತಿದೆ ಕಣೇ. ಒಂದೇ ಗರಿ. ಇದಕ್ಕೂ ಪರದೆ ಬೇಕಾ, ಇಲ್ಲ ಹಾಲು ಸೋಸೋ ಬಟ್ಟೆ ಸಾಕಾ?"